ಕಾಕಾನ ಬಾವುಟಕ್ಕೊಂದು ಮನೆ

ನನ್ನ ಕಾಕಾನ ಬಾವುಟವನ್ನು ಇಡಲೆಂದು ಅಪ್ಪ ಸಾಗವಾನಿ ಕಟ್ಟಿಗೆಯಲ್ಲಿ ಒಂದು ಪೆಟ್ಟಿಗೆ ಮಾಡಿದ್ದ. ನಮ್ಮೂರ ಗೌಡರ ವಾಡೆಯವರು ಅದನ್ನು ಒಂದು ದಿನದ ಮಟ್ಟಿಗೆ ಎಂದು ತರಿಸಿಕೊಂಡರು, ಬಾವುಟದ ಸಮೇತ ಇಟ್ಟುಕೊಂಡರು, ತಿರುಗಿ ಕೊಡಲಿಲ್ಲ. ಆದ ಅನ್ಯಾಯ ಇಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ಲೇಸು. ಬಾಲ್ಯವನ್ನು ನೆನೆಯುವವರು ಬೆಲ್ಲದ ಗಾಣ, ಹುಳಿ ಮಾವಿನಕಾಯಿ, ಮೊದಲ ಮಳೆ ಎಂದು ಸುತ್ತಾಡಿ, ಕೊನೆಗೆ ಎಲ್ಲರನ್ನೂ ಕ್ಷಮಿಸಿ ಕೈ ತೊಳೆದುಕೊಳ್ಳುತ್ತಾರೆ. ನಾನು ಯಾರನ್ನೂ ಕ್ಷಮಿಸಿಲ್ಲ. ಮಾವಿನಕಾಯಿ, ಮಳೆ ನಮಗೂ ಇದ್ದವು. ಅವು ಬರಬೇಕಾದಲ್ಲಿ ಬರುತ್ತವೆ.

ಹಿಡಕಲ್ಲಿನಲ್ಲಿ ಘಟಪ್ರಭೆಗೆ ಒಡ್ಡು ಕಟ್ಟುತ್ತಿದ್ದ ದಿನಗಳವು. ನಮ್ಮ ಊರು ಕುಲಗೋಡದಿಂದ ಹಳ್ಳ ದಾಟಿ ಒಳಗೆ ನಡೆದರೆ ಸಿಗುತ್ತದೆ. ಹೆಸರು ಬರೆಯುವುದಿಲ್ಲ, ಬರೆಯದಿದ್ದರೂ ತಿಳಿಯಬೇಕಾದವರಿಗೆ ತಿಳಿಯುತ್ತದೆ. ಆಗ ಹೊಲಗಳಲ್ಲಿ ಈಗಿನಷ್ಟು ಕಬ್ಬು ಇರಲಿಲ್ಲ, ಜೋಳವೇ ಹೆಚ್ಚು. ನಮ್ಮದು ಬಡಿಗೇರ ಮನೆ. ಅಪ್ಪ ಮೌನಪ್ಪ ಊರಿನ ಆಯಗಾರನಾಗಿದ್ದ. ಅಂದರೆ ವರ್ಷವಿಡೀ ಒಕ್ಕಲಿಗರ ನೇಗಿಲು, ಕುಂಟೆ, ಕೂರಿಗೆ, ಬಂಡಿಗಳನ್ನು ಮಾಡಿಕೊಡುವುದು, ಮುರಿದದ್ದನ್ನು ಸರಿಪಡಿಸುವುದು. ಸುಗ್ಗಿಯಲ್ಲಿ ಅವರ ಕಣಕ್ಕೆ ಹೋಗಿ ಆಯದ ಕಾಳು ತರುವುದು. ಈ ಕಟ್ಟಳೆಗೆ ಇನ್ನೊಂದು ಮಗ್ಗುಲಿತ್ತು. ಒಬ್ಬ ಬಡಿಗನ ಊರಿನ ಕೆಲಸಕ್ಕೆ ಅವನ ಒಪ್ಪಿಗೆಯಿಲ್ಲದೆ ಬೇರೆ ಊರಿನ ಬಡಿಗ ಬಾಚಿ ಎತ್ತುವಂತಿರಲಿಲ್ಲ. ಬರೆದಿಟ್ಟ ಕಾನೂನಲ್ಲ ಅದು; ಬರೆದಿಟ್ಟ ಕಾನೂನುಗಳನ್ನು ಮುರಿದವರೂ ಅದನ್ನು ಮುರಿಯುತ್ತಿರಲಿಲ್ಲ.

ಊರಿನ ನಡುವೆ ಅಪ್ಪಾಸಾಹೇಬ ಗೌಡರ ವಾಡೆ. ಎತ್ತರದ ಅಗಸಿಬಾಗಿಲು, ಒಳಗೆ ಕಲ್ಲಿನ ಅಂಗಳ, ಅದರಾಚೆ ಹಿರಿಯರ ಫೋಟೋಗಳನ್ನು ಸಾಲಾಗಿ ತೂಗುಹಾಕಿದ ಪಡಸಾಲೆ. ನಮ್ಮ ಮನೆ ಊರಿನ ಅಂಚಿನಲ್ಲಿ. ಮುಂದೆ ಅಪ್ಪ ಕೆಲಸ ಮಾಡುವ ಚಪ್ಪರ, ಸದಾ ಗರಗಸದ ಪುಡಿ, ಜಾಲಿಯ ಕಟ್ಟಿಗೆಯ ಹಸಿ ವಾಸನೆ. ನಾನು ಆಗ ಶಾಲೆಯಲ್ಲಿ ನಾಲ್ಕನೇ ಇಯತ್ತೆ.

ಕಾಳಪ್ಪ ಕಾಕಾ ಅಪ್ಪನ ತಮ್ಮ. ಮೀಸೆ ಮೂಡುವ ಹೊತ್ತಿಗೇ ಬೆಳಗಾವಿಗೆ ಹೋಗಿ ದಂಡು ಸೇರಿದವನು, ಗಡಿಯಲ್ಲಿ ತೊಡೆಗೆ ಗಾಯವಾಗಿ, ಪಿಂಚಣಿಯ ಮೇಲೆ ಕುಂಟುತ್ತ ಮರಳಿದ. ಹಿಡಕಲ್ಲಿನ ಒಡ್ಡಿನ ಕೆಲಸದಲ್ಲಿ ಕಾವಲುಗಾರನಾದ. ಮದುವೆಯಾಗಲಿಲ್ಲ. ರಜೆಯಲ್ಲಿ ಬಂದರೆ ಅವನ ಟ್ರಂಕಿನಿಂದ ಬೂಟಿನ ಪಾಲಿಶ್ ಮತ್ತು ಗೋಕಾಕದ ಕರದಂಟು ಎರಡರ ವಾಸನೆಯೂ ಒಟ್ಟಿಗೆ ಬರುತ್ತಿತ್ತು. ನನ್ನನ್ನು ಹೆಸರಿನಿಂದ ಕರೆದವನೇ ಅಲ್ಲ. "ಏನ ಹವಾಲ್ದಾರ, ಊಟ ಆತಿಲ್ಲೊ?" ಎನ್ನುತ್ತಿದ್ದ. ನಾನು ಎದೆ ಉಬ್ಬಿಸಿ ಸಲಾಮು ಹೊಡೆದ ಮೇಲೆಯೇ ಕರದಂಟಿನ ಪೊಟ್ಟಣ ಬಿಚ್ಚುತ್ತಿದ್ದ.

ಆ ವರ್ಷ ಸುಗ್ಗಿಯ ಹೊತ್ತಿಗೆ ಹಳೆಯ ಗಾಯ ಕೀವು ಕಟ್ಟಿತು. ಬೆಳಗಾವಿಯ ದಂಡಿನ ಆಸ್ಪತ್ರೆಗೆ ಒಯ್ದರು. ತಿರುಗಿ ಬಂದದ್ದು ಅವನ ಹಳೆಯ ಜೊತೆಗಾರರ ಲಾರಿಯಲ್ಲಿ, ಮೈಮೇಲೆ ಬಾವುಟ ಹೊದ್ದು. ದಪ್ಪ ಖಾದಿಯ ಬಾವುಟ. ನಮ್ಮ ಊರು ಅಂಥದ್ದನ್ನು ಅದುವರೆಗೆ ಕಂಡಿರಲಿಲ್ಲ. ಮಣ್ಣು ಕೊಡುವ ಮೊದಲು ಆ ಸೈನಿಕರು ಬಾವುಟವನ್ನು ನಾಲ್ಕೂ ಕಡೆಯಿಂದ ಎತ್ತಿ, ನೆಲಕ್ಕೆ ತಾಗಗೊಡದೆ ಮಡಚಿದರು. ಕೇಸರಿ, ಹಸಿರು ಎರಡೂ ಬಿಳಿಯ ಹಿಂದೆ ಹೋಗಿ, ಚಕ್ರ ಮಾತ್ರ ಮೇಲೆ ಉಳಿಯಿತು. ಅವರ ಹಿರಿಯನು ಅದನ್ನು ನನ್ನ ಅಜ್ಜಿಗೆ ಕೊಟ್ಟ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಬರಿಗೈಯಿಂದ ಮುಟ್ಟಲಿಲ್ಲ. ಉಡಿ ತುಂಬಿಸಿಕೊಳ್ಳುವವಳ ಹಾಗೆ ಸೆರಗು ಒಡ್ಡಿ ತೆಗೆದುಕೊಂಡಳು.

ಲಾರಿ ಹಳ್ಳ ದಾಟಿ ಮರೆಯಾದ ಕೂಡಲೇ ಮೊದಲನೆಯ ಅವಮಾನ ನಡೆಯಿತು. ನಮ್ಮಲ್ಲಿ ಹೆಣದ ಮೇಲೆ ಹೊದಿಸಿದ ಬಟ್ಟೆ ಮನೆಗೆ ಮರಳುವುದಿಲ್ಲ. ಅದು ಮಡಿವಾಳರ ಪಾಲು. ಸ್ಮಶಾನದಿಂದ ಹಿಂತಿರುಗುವ ದಾರಿಯಲ್ಲಿ ಅಪ್ಪಾಸಾಹೇಬರು ಎಲ್ಲರೂ ಕೇಳುವಂತೆ ಅಪ್ಪನಿಗೆ ಹೇಳಿದರು.

"ಮೌನಪ್ಪ, ಹೆಣದ ಮ್ಯಾಲಿನ ಅರಿವಿ ಅದು. ಹೊಸ್ತಲಾ ದಾಟಬಾರ್ದು. ಮಡಿವಾಳಗ ಕೊಟ್ಟು ಕೈ ತೊಳಕೊ."

ಮಡಿವಾಳರ ಫಕೀರಪ್ಪ ಅಲ್ಲೇ ಇದ್ದ. ಆಯಿಯ ಸೆರಗಿನಲ್ಲಿದ್ದ ಚಕ್ರವನ್ನು ನೋಡಿದ, ಕೈ ಮುಗಿದ, ತನ್ನ ಪಾಲು ಬೇಡವೆಂದು ಹೊರಟುಹೋದ. ಆ ಒಬ್ಬನ ಋಣ ನಮ್ಮ ಮೇಲಿದೆ. ಅದನ್ನೂ ನಾನು ಮರೆತಿಲ್ಲ. ಆದರೆ ಅಪ್ಪಾಸಾಹೇಬರ ಮಾತು ಊರಿನ ಮಾತಾಯಿತು. ಅಪ್ಪ ಎದುರಾಡಲಾರದೆ ಒಂದು ಹೊಸ ಗಡಿಗೆಯಲ್ಲಿ ಬಾವುಟವನ್ನಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಚಪ್ಪರದ ತೊಲೆಗೆ ತೂಗುಹಾಕಿದ. ಮನೆಯ ಹೊರಗೆ.

ಆಮೇಲೆ ನಾವು ಹುಡುಗಿಯರು ಕಲ್ಲು ತೂರಿ ಹಿಡಿಯುವ ಆಣಿಕಲ್ಲು ಆಡುವಲ್ಲಿ ವಾಡೆಯ ಮಗಳು ನನ್ನ ಕೈಯಿಂದ ಕಲ್ಲು ತೆಗೆದುಕೊಳ್ಳದಾದಳು. ನಾನು ನೆಲದ ಮೇಲೆ ಇಡಬೇಕು, ಅವಳು ಅದರ ಮೇಲೆ ಮಣ್ಣು ತೂರಿ ಎತ್ತಿಕೊಳ್ಳಬೇಕು. ಕಾರಣ ಕೇಳಿದರೆ, ನಿಮ್ಮ ಚಪ್ಪರದಾಗ ಹೆಣದ ಅರಿವಿ ನೇತಾಡಾಕತ್ತೈತಿ, ನಮ್ಮಪ್ಪಾ ಹೇಳ್ಯಾರ ಎಂದಳು. ಉಳಿದ ಹುಡುಗಿಯರೂ ಅವಳಂತೆಯೇ ಮಣ್ಣು ತೂರತೊಡಗಿದರು. ಅವರಲ್ಲಿ ಇಬ್ಬರು ಮುಂದೆ ನನ್ನನ್ನು ತಮ್ಮ ಮಕ್ಕಳ ಮದುವೆಗೆ ಕರೆದರು. ನಾನು ಹೋಗಲಿಲ್ಲ.

ಸುಗ್ಗಿ ಮುಗಿದು ಬಿಸಿಲು ಏರಿತು. ಒಂದು ದಿನ ಮಧ್ಯಾಹ್ನ ಎಲ್ಲರೂ ಚಪ್ಪರದಲ್ಲಿ ಕುಳಿತು ಮುಟಗಿ ತಿನ್ನುತ್ತಿದ್ದೆವು. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರದೊಡನೆ ಕಲ್ಲಿನಲ್ಲಿ ಕುಟ್ಟಿ ಎಣ್ಣೆ ಹಾಕಿದ ಮುಟಗಿ. ಆಯಿ ತುತ್ತು ಎತ್ತಿದವಳು ತಲೆಯ ಮೇಲಿನ ಗಡಿಗೆಯನ್ನು ನೋಡಿ ಕೆಳಗಿಟ್ಟಳು.

"ನನ್ನ ಮಗಾ ದೇಶದ ಹೊಸ್ತಲಾ ಕಾಯ್ದಾಂವ. ಅವನ ಅರಿವಿಗಿ ಒಂದ ಹೊಸ್ತಲಾ ಸಿಗಂಗಿಲ್ಲೇನೋ ಮೌನ್ಯಾ?"

ಅಪ್ಪ ಮಾತಿನ ಮನುಷ್ಯನಲ್ಲ, ಅಳತೆಯ ಮನುಷ್ಯ. ಎಡಗೈಯ ಗೇಣಿನಿಂದ ಗಾಳಿಯಲ್ಲಿ ಏನನ್ನೋ ಅಳೆದ. "ನಮ್ಮ ಹೊಸ್ತಲಾ ದಾಟೂದು ಬ್ಯಾಡ. ಅದಕ್ಕ ಅದರದ ಒಂದ ಮನಿ ಕಟ್ಟತೀನಿ. ತನ್ನ ಮನ್ಯಾಗ ತಾ ಇದ್ರ ಯಾರ ಏನ ಅಂತಾರ?"

ಮನೆ ಎಂದರೆ ಮನೆಯೇ. ಹೊಸ್ತಿಲು, ಚೌಕಟ್ಟು, ಕದ, ಮೇಲೆ ಮಾಡು ಎಲ್ಲವೂ ಇರುವ, ಒಬ್ಬರು ಎತ್ತಬಹುದಾದ ಮನೆ. ಕದದಲ್ಲಿ ಹಲಗೆಯ ಬದಲು ಕಾಚು, ಅಂದರೆ ಗಾಜು; ಚಕ್ರ ಕಾಣಬೇಕಲ್ಲ. ಇಷ್ಟು ಯೋಚಿಸಿದ ಮೇಲೆ ಕಟ್ಟಿಗೆಯ ಪ್ರಶ್ನೆ ಬಂತು. ಚಪ್ಪರದಲ್ಲಿ ಬಿದ್ದಿದ್ದದ್ದೆಲ್ಲ ಒಕ್ಕಲಿಗರು ತಂದು ಹಾಕಿದ ಜಾಲಿ, ಬೇವು. ಅದು ಅವರವರ ನೇಗಿಲಿಗೆ ಸೇರಿದ್ದು. ಊರಿನ ಒಂದು ಕಡ್ಡಿಯೂ ಇದಕ್ಕೆ ಬೇಡ ಎಂದ ಅಪ್ಪ. ಆಗ ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: "ನಮ್ಮಪ್ಪನ ಮನಿ ಬಾಗಲಾ ಐತಲ್ಲ, ಅದನ್ನ ತಗೋರಿ."

ಅವ್ವನ ತವರು ಹುಕ್ಕೇರಿ ಸೀಮೆಯ ಒಂದು ಹಳ್ಳಿ. ಒಡ್ಡಿನ ನೀರಿನಲ್ಲಿ ಅದು ಮುಳುಗಲಿದೆ ಎಂದು ತಿಳಿದ ಮೇಲೆ ಅಲ್ಲಿಯ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ತೊಲೆ, ಕಂಬ, ಬಾಗಿಲು ಎಲ್ಲವನ್ನೂ ಬಂಡಿಗೆ ಹೇರಿಕೊಂಡು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಅವ್ವನ ಪಾಲಿಗೆ ತಲಬಾಗಿಲಿನ ಚೌಕಟ್ಟು ಬಂದಿತ್ತು. ಹುಕ್ಕೇರಿಯಿಂದ ಅದನ್ನು ಬಂಡಿಯಲ್ಲಿ ತಂದು ಅಟ್ಟದ ಮೇಲಿಟ್ಟಿದ್ದಳು. ನನ್ನ ಮದುವೆಗೆ ಅದರಲ್ಲಿ ಮಂಚ ಮಾಡಿಸುವುದೆಂದು ಗೊತ್ತಾಗಿತ್ತು. ಅಪ್ಪ ನನ್ನ ಮುಖ ನೋಡಿದ. ನಾನು ಮಂಚ ಬೇಡವೆಂದೆ. ಮದುವೆಯೇ ಬೇಡವೆಂದೂ ಸೇರಿಸಿದೆ. ಎಷ್ಟೋ ದಿನಗಳ ನಂತರ ಆಯಿ ನಕ್ಕದ್ದು ಆಗಲೇ.

ಹಳೆಯ ಸಾಗವಾನಿಗೆ ಗರಗಸ ಹಾಕಿದಾಗ ಏಳುವ ವಾಸನೆಯನ್ನು ಬಲ್ಲವರೇ ಬಲ್ಲರು. ಮೇಲೆ ಹೊಗೆ, ಎಣ್ಣೆ, ಕುಂಕುಮ ಕುಡಿದು ಕಪ್ಪಾದ ಕಟ್ಟಿಗೆ. ಒಳಗೆ ಜೇನಿನ ಬಣ್ಣ, ನಿನ್ನೆ ಕಡಿದ ಹಾಗೆ. ಹೊಸ್ತಿಲಿನ ನಡುವೆ ಅವ್ವನ ಮನೆಯವರು ತಲೆಮಾರುಗಳಿಂದ ತುಳಿದು ತುಳಿದು ಒಂದು ತಗ್ಗು ಬಿದ್ದಿತ್ತು. ಅಪ್ಪ ಅದನ್ನು ಕೆತ್ತಿ ಸಮ ಮಾಡಲಿಲ್ಲ. ಆ ತಗ್ಗು ಸರಿಯಾಗಿ ನಡುವೆ ಬರುವಂತೆ ಅಳೆದು ಕೊಯ್ದು ಪೆಟ್ಟಿಗೆಯ ಹೊಸ್ತಿಲು ಮಾಡಿದ. ಮೊಳೆ ಹೊಡೆಯಲಿಲ್ಲ. ಎಲ್ಲ ಕೂಡುಗಳೂ ಕಟ್ಟಿಗೆಯ ಬೆಣೆಯವು. ಬಾಚಿ, ಉಳಿಗಳನ್ನು ಹೆಣ್ಣುಮಕ್ಕಳು ಮುಟ್ಟಬಾರದೆಂಬ ನೇಮ ನಮ್ಮಲ್ಲಿತ್ತು. ಗಾಜಿನ ಚೂರನ್ನು ಯಾವ ನೇಮವೂ ಹೆಸರಿಸಿರಲಿಲ್ಲ. ಹಾಗಾಗಿ ಒಡೆದ ಬಾಟಲಿಯ ಚೂರಿನಿಂದ ಹಲಗೆಗಳನ್ನು ಹೆರೆದು ನುಣುಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೊರಗೆ ಹುಡುಗಿಯರು ಹುಳಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದರೆ ನಾನು ಒಳಗೆ ಕುಳಿತು ಹೆರೆಯುತ್ತಿದ್ದೆ. ಬೆರಳು ಕೊಯ್ದುಕೊಂಡಾಗ ಅಪ್ಪ ಅದಕ್ಕೆ ಅರಿಸಿನ ಒತ್ತಿ, ಮುಂದುವರಿಸು ಎಂದು ಸನ್ನೆ ಮಾಡುತ್ತಿದ್ದ. ಆ ಪೆಟ್ಟಿಗೆಯ ಒಳಮೈಯೆಲ್ಲ ನನ್ನ ಕೈಯದು. ಈಗ ಅದರ ಮೇಲೆ ಯಾರು ಏನು ಬರೆಸಿಕೊಂಡರೂ ಅದು ನನ್ನ ಕೈಯದೇ.

ಕಾಚಿಗಾಗಿ ಗೋಕಾಕಕ್ಕೆ ಹೋದೆವು. ಕುಲಗೋಡದವರೆಗೆ ನಡೆದು, ಅಲ್ಲಿಂದ ಬಸ್ಸು. ಪೇಟೆಯಲ್ಲಿ ಇಮಾಮಸಾಬನ ಕಾಚಿನ ಅಂಗಡಿ. ಅಪ್ಪ ಅಳತೆಯ ಕಡ್ಡಿಯನ್ನು ಕೊಟ್ಟಾಗ ಅವನು ತಿರುಗಿಸಿ ನೋಡಿ, ಇದು ಕಿಡಕಿಯದೂ ಅಲ್ಲ, ದೇವರ ಫೋಟೋದ್ದೂ ಅಲ್ಲ, ಏನಿದು ಎಂದು ಕೇಳಿದ. ಅಪ್ಪ ಹೇಳಿದ. ಇಮಾಮಸಾಬ ಕೊಯ್ಯಲು ಎತ್ತಿದ್ದ ಕಾಚನ್ನು ಗೋಡೆಗೆ ಆನಿಸಿ ಒಳಗಿನಿಂದ ಬೇರೊಂದನ್ನು ತಂದ. ಅದರಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.

"ಫೌಜಿ ಮುಖದ ಮುಂದ ಗುಳ್ಳಿ ಇರಬಾರ್ದು ಮೌನಪ್ಪ. ಇದು ನಿನ್ನ ಬೇಟಿ ಕಾಲಮ್ಯಾಲ ಇಡು."

ಕೌದಿಯಲ್ಲಿ ಸುತ್ತಿದ ಕಾಚನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಜಿಗಿದಾಗಲೆಲ್ಲ ಉಸಿರು ಹಿಡಿದು, ಊರಿಗೆ ತಂದೆ.

ಬಸವ ಜಯಂತಿಯ ಹಿಂದಿನ ದಿನ ಆಯಿ ತಾನೇ ಗಡಿಗೆಯನ್ನು ಇಳಿಸಿ ಬಾವುಟವನ್ನು ಅದರ ಮನೆಯಲ್ಲಿಟ್ಟಳು. ಆಮೇಲೆ ಅಪ್ಪ ಇಡೀ ಪೆಟ್ಟಿಗೆಯನ್ನು ಎತ್ತಿ ನಮ್ಮ ಹೊಸ್ತಿಲು ದಾಟಿ ಒಳಗೆ ತಂದ. ನೋಡಲು ಬಂದವರು ಮೊದಲು ಬಾಗಿಲಲ್ಲೇ ನಿಂತರು. ಕಾಚಿನ ಹಿಂದೆ ಚಕ್ರ, ಮುಂದೆ ಪುಟ್ಟ ಹೊಸ್ತಿಲು. ಒಬ್ಬ ಮುದುಕಿ ಒಳಗೆ ಬಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ತನ್ನ ಮನ್ಯಾಗ ತಾ ಅದಾನ ತಗೋರಿ ಎಂದಳು. ಊರಿನ ಬಾಯಿಗೆ ಅಷ್ಟು ಸಾಕಾಯಿತು. ಮರುದಿನ ಆಣಿಕಲ್ಲುಗಳ ಮೇಲಿನ ಮಣ್ಣೂ ನಿಂತಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಸೈನಿಕರ ಮನೆಗಳನ್ನು ಕಂಡು ಗೌರವಿಸಲು ಬೆಳಗಾವಿಯಿಂದ ಸಾಹೇಬರೊಬ್ಬರು ಬರುತ್ತಾರೆಂಬ ಸುದ್ದಿ ಬಂತು. ನಮ್ಮ ಮನೆಗೆ ಬರಬೇಕಾದವರು. ಆದರೆ ಜೀಪು ಬರುವ ದಾರಿ ವಾಡೆಯ ಮುಂದಿನದು, ಸಾಹೇಬರ ಊಟ ವಾಡೆಯಲ್ಲಿ, ಆದ್ದರಿಂದ ಗೌರವವೂ ವಾಡೆಯಲ್ಲೇ ಎಂದು ಅಪ್ಪಾಸಾಹೇಬರು ಹೇಳಿಕಳಿಸಿದರು. ಪೆಟ್ಟಿಗೆಯನ್ನು ಒಂದು ದಿನದ ಮಟ್ಟಿಗೆ ತರಬೇಕು, ಮರುದಿನ ತಾವೇ ಮುಟ್ಟಿಸುವುದಾಗಿಯೂ ಹೇಳಿಸಿದರು. ಒಯ್ಯಲು ಆಳುಗಳು ಬಂದಿದ್ದರು. ಅಪ್ಪ ಅವರ ಕೈಗೆ ಕೊಡಲಿಲ್ಲ. ತಾನೇ ತಲೆಯ ಮೇಲೆ ಹೊತ್ತು ನಡೆದ. ಹಿಂದೆ ಆಯಿ, ಅವಳ ಹಿಂದೆ ನಾನು.

ವಾಡೆಯ ಅಗಸಿಯಲ್ಲಿ ಅಪ್ಪ ನಿಂತ. ಕಟ್ಟೆಯ ಮೇಲೆ ಇಡಲೇ ಎಂದು ಕೇಳಿದ. ಒಳಗೆ ತಾ, ಪಡಸಾಲಿಯಾಗ ಇಡು, ನಮ್ಮ ಅಜ್ಜಾರ ಫೋಟೋದ ಕೆಳಗ, ಎಂದರು ಅಪ್ಪಾಸಾಹೇಬರು. ಜೀಪು ಆಗಲೇ ಬಂದಾಗಿತ್ತು; ಸಾಹೇಬರು ಕುರ್ಚಿಯಲ್ಲಿದ್ದರು. ನಾನು ಅಪ್ಪನ ಪಕ್ಕದಲ್ಲಿದ್ದೆ. ಬೇಕೆಂದೇ ಕೇಳಿದೆನೋ, ತಿಳಿಯದೆ ಕೇಳಿದೆನೋ, ಈಗ ಹೇಳಲಾರೆ, ಕೇಳಿದ್ದಂತೂ ಹೌದು.

"ಗೌಡ್ರ, ಹೊಸ್ತಲಾ ದಾಟಬಾರ್ದು ಅಂದಿದ್ರೆಲ್ಲ?"

ಅಪ್ಪಾಸಾಹೇಬರು ನಕ್ಕರು. ನಗುತ್ತಲೇ ಕೈ ಚಾಚಿ ನನ್ನ ಕಿವಿ ಹಿಡಿದರು. ಸಾಹೇಬರಿಗೆ ಮುದ್ದು ಮಾಡಿದಂತೆ ಕಂಡಿತು, ಅವರೂ ನಕ್ಕರು. ಉಗುರು ಊರಿ ತಿರುವಿದ್ದು ನನಗೆ ಮಾತ್ರ ಗೊತ್ತು. "ಬಡಿಗ್ಯಾನ ಮಗಳು ಸಾಹೇಬ್ರ, ಬಾಯಿ ಬಾಚಿಗಿಂತ ಜೋರ ಐತಿ" ಎಂದರು. ನಾನು ಕೂಗಲಿಲ್ಲ. ಕಾಕಾ ಹವಾಲ್ದಾರ ಎಂದು ಕರೆದವಳು ವಾಡೆಯ ಅಂಗಳದಲ್ಲಿ ಅಳಬಾರದೆಂದು ತುಟಿ ಕಚ್ಚಿದೆ.

ನಂತರ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಆಯಿಗೆ ಕುಳಿತುಕೊಳ್ಳಲು ಚಾಪೆ ಹಾಸಲಿಲ್ಲ. ಅವಳು ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಚಹಾದ ತಟ್ಟೆ ಅವಳ ಮುಂದಿನಿಂದ ಹಾದುಹೋಯಿತು, ನಿಲ್ಲಲಿಲ್ಲ. ಸಾಹೇಬರು ಪೆಟ್ಟಿಗೆಯನ್ನು ಸುತ್ತಿ ನೋಡಿ, ಬಹಳ ಚಂದದ ಕೆಲಸ, ಯಾರು ಮಾಡಿದ್ದು ಎಂದು ಕೇಳಿದರು. "ನಾವ ಮಾಡಸೀವಿ" ಎಂದರು ಅಪ್ಪಾಸಾಹೇಬರು. ಸತ್ತವನು ಯಾರೆಂದು ಕೇಳಿದ್ದಕ್ಕೆ, ನಮ್ಮ ವಾಡೆಯ ಆಯಗಾರರ ಹುಡುಗ, ನಮ್ಮ ಕೈಯಾಗ ಬೆಳದಾಂವ ಎಂದರು. ಸಾಹೇಬರು ಶಾಲು, ತೆಂಗಿನಕಾಯಿ ಎತ್ತಿಕೊಂಡು, ಮನೆಯ ಹಿರಿಯರು ಬರಬೇಕು ಎಂದಾಗ ಆಯಿ ಸೆರಗು ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಅಪ್ಪಾಸಾಹೇಬರು ತಲೆ ಬಾಗಿಸಿ ಶಾಲು ಹೊದಿಸಿಕೊಂಡಾಗಿತ್ತು. ಆಯಿ ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಸಾಹೇಬರನ್ನು ನಾನು ದೂರುವುದಿಲ್ಲ, ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅಂಗಳದ ತುಂಬ ನಿಂತಿದ್ದರು, ಚಪ್ಪಾಳೆ ತಟ್ಟಿದರು.

ಪೆಟ್ಟಿಗೆ ಮರುದಿನ ಬರಲಿಲ್ಲ. ಅಪ್ಪ ಹೋಗಿ ಕೇಳಿದರೆ, ಬೀಗರು ಬರುವವರಿದ್ದಾರೆ, ನೋಡಲಿ ಎಂದರು. ಬೀಗರು ಬಂದು ಹೋದ ಮೇಲೆ, ಇಲ್ಲೇ ಇದ್ದರೆ ಏನು, ನಿಮ್ಮ ಮನೆ ಸೋರುತ್ತದೆ ಎಂದರು. ಅಪ್ಪ ಮತ್ತೆ ಹೋದ. ಆ ಸಲ ನಾನೂ ಹಿಂದೆ ಹೋಗಿ ಅಗಸಿಯಲ್ಲಿ ನಿಂತಿದ್ದೆ.

"ಆಯಾ ತಿನ್ನೂ ಕೈಯಾಗಿನ ಕೆಲಸಾ ಊರಿಗಿ ಸೇರಿದ್ದು, ಮೌನಪ್ಪ" ಎಂದರು ಅಪ್ಪಾಸಾಹೇಬರು, ಅಡಿಕೆ ಕತ್ತರಿಸುತ್ತ. "ಊರಂದ್ರ ಯಾವುದು? ವಾಡೆ."

"ಆಯದ ಕೆಲಸಾ ನಿಮ್ಮ ಹೊಲಕ್ಕರಿ, ಗೌಡ್ರ. ಕಟ್ಟಗಿ ನನ್ನ ಹೆಂಡತಿ ತವರಿಂದು. ಮಾಡಿದ್ದು ನನ್ನ ತಮ್ಮಗ. ಅದು ಆಯದಾಗ ಬರಂಗಿಲ್ಲ."

"ಬರತೈತಿ ಅಂತ ನಾ ಹೇಳಾಕತ್ತೇನಲ್ಲ."

ಅಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. "ಹಂಗಾರ ಪೆಟಗಿ ಮನಿಗಿ ಬರೂತನಾ ನಿಮ್ಮ ಹೊಲದ ಕೆಲಸಾನೂ ಬರಂಗಿಲ್ಲ."

ಅಪ್ಪಾಸಾಹೇಬರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರೋಹಿಣಿ ಮಳೆ ಸುರಿದು ನೆಲ ಹದವಾದಾಗ ತೆಗೆದುಕೊಳ್ಳಬೇಕಾಯಿತು. ಕೂರಿಗೆಯನ್ನು ಕಾಣದವರಿಗೆ ಒಂದು ಮಾತು: ಎತ್ತಿಗೆ ಹೂಡಿ ಬೀಜ ಬಿತ್ತುವ ಕಟ್ಟಿಗೆಯ ಸಾಧನ ಅದು, ಅದರ ತಾಳುಗಳು, ಅಂದರೆ ನೆಲ ಸೀಳುವ ಹಲ್ಲುಗಳು, ಸವೆದಿದ್ದರೆ ಅಥವಾ ಓರೆಯಾಗಿದ್ದರೆ ಬೀಜ ಒಂದೆಡೆ ಆಳಕ್ಕೆ, ಒಂದೆಡೆ ಮೇಲಕ್ಕೆ ಬಿದ್ದು ಪೈರು ಹಾಳಾಗುತ್ತದೆ. ಹಾಗಾಗಿ ಪ್ರತಿ ವರ್ಷ ಬಿತ್ತನೆಗೆ ಮೊದಲು ಬಡಿಗನು ಅವನ್ನು ಕೂಡಿಸಿಕೊಡಬೇಕು. ಊರಿನವರೆಲ್ಲ ತಮ್ಮ ಕೂರಿಗೆ ಹೊತ್ತು ಚಪ್ಪರಕ್ಕೆ ಬಂದರು. ಅಪ್ಪ ಒಂದೊಂದನ್ನೂ ಕೂಡಿಸಿ ಕೊಟ್ಟ, ಕೊಡುವಾಗ ಒಂದು ಮಾತು ಹೇಳಿದ: ಇದನ್ನು ವಾಡೆಗೆ ಎರವಲು ಕೊಟ್ಟವರು ಮುಂದಿನ ವರ್ಷ ನನ್ನ ಚಪ್ಪರಕ್ಕೆ ಬರಬೇಡಿ. ವಾಡೆಯ ಕೂರಿಗೆಗಳು ಅಂಗಳದಲ್ಲೇ ಒರಗಿದ್ದವು.

ಅಪ್ಪಾಸಾಹೇಬರು ಅವನ್ನು ಬಂಡಿಗೆ ಹೇರಿಸಿ ಕುಲಗೋಡಕ್ಕೆ ಕಳಿಸಿದರು. ಅಲ್ಲಿಯ ಬಡಿಗ ಯಾವೂರಿನವೆಂದು ಕೇಳಿದ, ಅಲ್ಲಿ ಮೌನಪ್ಪ ಅದಾನಲ್ಲ ಎಂದ, ಬಾಚಿಯನ್ನು ಗೋಡೆಗೆ ಒರಗಿಸಿದ. ಬಂಡಿ ಹಾಗೇ ಮರಳಿತು. ಮೂಡಲಗಿಯಿಂದಲೂ ಹಾಗೇ ಮರಳಿತು. ದೂರದ ಅಂಕಲಗಿಯಲ್ಲಿ ಸುದ್ದಿ ಮುಟ್ಟಿರಲಾರದೆಂದು ಅಲ್ಲಿಗೂ ಕಳಿಸಿದರು. ಸುದ್ದಿ ಬಂಡಿಗಿಂತ ಮೊದಲೇ ಮುಟ್ಟಿತ್ತು. ಬಂಡಿ ಬರಿಗೈಯಲ್ಲಿ ಹಳ್ಳ ಏರಿ ಬರುವುದನ್ನು ನಾನು ಪ್ರತಿ ಸಲ ಊರ ಅಂಚಿನಲ್ಲಿ ನಿಂತು ನೋಡಿದೆ. ಆಗ ಆದ ಸಂತೋಷದಂಥ ಸಂತೋಷ ನನಗೆ ಮುಂದೆ ಪರೀಕ್ಷೆ ಪಾಸಾದಾಗಲೂ, ನೌಕರಿ ಸಿಕ್ಕಾಗಲೂ ಆಗಲಿಲ್ಲ. ಅದಕ್ಕೆ ನಾಚಿಕೊಳ್ಳಬೇಕೆಂದು ಅನ್ನಿಸಿಯೂ ಇಲ್ಲ.

ನಾವು ಮಕ್ಕಳು ಅದನ್ನೇ ಒಂದು ಆಟ ಮಾಡಿಕೊಂಡೆವು. ಒಬ್ಬಳು ಬಂಡಿ. ಉಳಿದವರು ದೂರದೂರ ನಿಂತ ಊರುಗಳು. ಬಂಡಿಯಾದವಳು ಬೆನ್ನ ಮೇಲೆ ಕಡ್ಡಿ ಹೊತ್ತು ಊರೂರಿಗೆ ಓಡಿ ಕೇಳಬೇಕು.

"ಕೂರಿಗಿ ಕೂಡಸ್ತೀರೇನ್ರಿ?"

"ಯಾರದಬೇ?"

"ವಾಡೆದು."

"ಹಂಗಾರ ಮುಂದಿನೂರಿಗಿ ಹೋಗು, ಎತ್ತಿಗಿ ನೀರ ಕುಡಿಸಿ ಹೋಗು."

ಓಡಿ ಓಡಿ ಬಂಡಿ ನೆಲಕ್ಕೆ ಕುಸಿದರೆ ಆಟ ಮುಗಿಯಿತು. ಮಳೆಯಲ್ಲಿ ನೆಂದು, ಕೆಸರಿನಲ್ಲಿ ಜಾರಿ, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಆಣಿಕಲ್ಲಿಗೆ ಮಣ್ಣು ತೂರಿದ ಹುಡುಗಿಯರೂ ಸೇರಿದ್ದರು. ಯಾವಾಗಲೂ ಬಂಡಿಯಾಗುವ ಸರದಿ ಅವರಿಗೇ ಬರುವಂತೆ ನಾನು ನೋಡಿಕೊಳ್ಳುತ್ತಿದ್ದೆ.

ರೋಹಿಣಿ ಹೋಯಿತು, ಮೃಗಶಿರವೂ ಹೋಯಿತು. ಕೊನೆಗೆ ವಾಡೆಯವರು ಕೂಡಿಸದ ಕೂರಿಗೆಗಳಲ್ಲೇ ತಡವಾಗಿ ಬಿತ್ತಿದರು. ಆ ವರ್ಷ ಅವರ ಹೊಲದಲ್ಲಿ ಬೆಳೆ ಮಂಗನ ತಲೆಯ ಕೂದಲಿನಂತೆ ಎದ್ದಿತ್ತು. ದಾರಿಯಲ್ಲಿ ಹೋಗುವವರು ಬೇಕೆಂದೇ ನಿಂತು ನೋಡುತ್ತಿದ್ದರು. ಪೆಟ್ಟಿಗೆಯನ್ನು ಕೊಟ್ಟಿದ್ದರೆ ಒಂದು ಮಧ್ಯಾಹ್ನದ ಕೆಲಸವಾಗಿತ್ತು. ಅಪ್ಪಾಸಾಹೇಬರು ಒಂದು ಮಳೆಯನ್ನು ಕಳೆದುಕೊಂಡರು, ಪೆಟ್ಟಿಗೆಯನ್ನು ಕೊಡಲಿಲ್ಲ.

ಅವರ ಸೇಡು ಸುಗ್ಗಿಯವರೆಗೆ ಕಾದಿತ್ತು. ಬಾವಿಯ ನೀರಿನ ಪಾಳಿ ವಾಡೆಯ ಕೈಯಲ್ಲಿತ್ತು. ಬಡಿಗನಿಗೆ ಆಯ ಕೊಟ್ಟವರಿಗೆ ನೀರಿಲ್ಲ ಎಂದರು. ಅಪ್ಪ ಗೋಣಿಚೀಲ ಹಿಡಿದು ಕಣದಿಂದ ಕಣಕ್ಕೆ ಹೋದ. ತಮ್ಮ ಕೂರಿಗೆಯನ್ನು ಮಳೆಗೆ ಮೊದಲು ಕೂಡಿಸಿಕೊಂಡು ಹೋದವರೇ ರಾಶಿಯ ಹಿಂದೆ ಮುಖ ಮರೆಸಿಕೊಂಡರು. ಒಬ್ಬ ಮಾತ್ರ ಹತ್ತಿರ ಬಂದು, ಸಿಟ್ಟಾಗಬ್ಯಾಡೊ ಮೌನಪ್ಪ, ಮಕ್ಕಳ ಅದಾವ ಎಂದ. ಅಪ್ಪನಿಗೂ ನಾನಿದ್ದೆ. ಚೀಲ ಖಾಲಿಯಾಗಿಯೇ ಮನೆಗೆ ಬಂತು. ಯುಗಾದಿಗೆ ಮೊದಲು ನಾವು ಊರು ಬಿಟ್ಟೆವು.

ಗೋಕಾಕದಲ್ಲಿ ಇಮಾಮಸಾಬ ತನ್ನ ಪರಿಚಯದ ಕುರ್ಚಿ, ಮಂಚ ಮಾಡುವ ಅಂಗಡಿಯಲ್ಲಿ ಅಪ್ಪನಿಗೆ ಕೆಲಸ ಕೊಡಿಸಿದ. ಅಲ್ಲಿ ಮಾಡಿದ್ದು ಯಾರಿಗೆ ಹೋಗುತ್ತದೆಂದು ಮಾಡಿದವನಿಗೆ ಗೊತ್ತಿರುತ್ತಿರಲಿಲ್ಲ. ಆಯಿ ಆ ಮನೆಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಕೊನೆಯ ದಿನಗಳಲ್ಲಿ ಅವಳು ಯಾರನ್ನೂ ಬಯ್ಯಲಿಲ್ಲ, ಏನನ್ನೂ ಬೇಡಲಿಲ್ಲ. ಕಾಳ್ಯಾ ಇನ್ನೂ ಅವರ ಮನ್ಯಾಗ ಅದಾನೇನೋ ಎಂದು ಮಾತ್ರ ಕೇಳುತ್ತಿದ್ದಳು. ಅಪ್ಪ ಹೂಂ ಎನ್ನುತ್ತಿದ್ದ. ನನ್ನನ್ನು ಓದಿಸಿದ, ನಾನು ಶಿಕ್ಷಕಿಯಾಗಿ ಮೂಡಲಗಿಯ ಸುತ್ತಿನ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾದೆ.

ಕಳೆದುಹೋದದ್ದನ್ನು ಅಳೆಯಬೇಕಲ್ಲ, ಅಳೆಯುತ್ತೇನೆ. ಅವ್ವನ ತವರೂರು ನೀರಿನ ಕೆಳಗಿದೆ. ಆಯ ಎಂಬ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಅರ್ಥ ಹೇಳಿ ಕಲಿಸಬೇಕಾಗುತ್ತಿತ್ತು. ಈಗ ಬಿತ್ತುವುದು ಟ್ರ್ಯಾಕ್ಟರು; ಕಬ್ಬಿಣದ ಕೂರಿಗೆ, ಗ್ಯಾರೇಜಿನಲ್ಲಿ ರಿಪೇರಿ. ಇದನ್ನು ಕಂಡು ನಿಟ್ಟುಸಿರು ಬಿಡುವವರು ಕಟ್ಟಿಗೆಯ ಚಂದವನ್ನು ನೆನೆಯುತ್ತಾರೆ. ನಾನು ನೆನೆಯುವುದು ಬೇರೆ. ಒಬ್ಬ ಬಡವ ತನ್ನ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರೆ ವಾಡೆಯ ಬೆಳೆ ಕೆಡುತ್ತಿತ್ತು, ನಾಲ್ಕೂರಿನ ಬಡಿಗರು ಅವನ ಬೆನ್ನಿಗೆ ನಿಲ್ಲುತ್ತಿದ್ದರು. ಅಂಥ ಒಂದು ಕೆಲಸವೂ ಈಗ ನಮ್ಮಂಥವರ ಕೈಯಲ್ಲಿ ಉಳಿದಿಲ್ಲ. ಮುನಿಸಿಕೊಂಡರೆ ನಷ್ಟ ಮುನಿದವನಿಗೇ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಈ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸುದ್ದಿ ತಂದಳು. ವಾಡೆಯ ಮುಂದೆ ಒಂದು ಸ್ಮಾರಕ ಮಂದಿರ ಕಟ್ಟಿದ್ದಾರೆ, ಅದರಲ್ಲಿ ನೀವು ಹೇಳುವಂಥದ್ದೇ ಒಂದು ಪೆಟ್ಟಿಗೆ ಇದೆ ಎಂದಳು. ಹೋದೆ. ನುಣುಪಾದ ಕಲ್ಲಿನ ಪೀಠದ ಮೇಲೆ ಅದು ಇತ್ತು. ವಾರ್ನಿಶ್ ಬಳಿದು ಬೆಲ್ಲದ ಪಾಕದಂತೆ ಮಿರುಗಿಸಿದ್ದರು. ಪೀಠದ ಮೇಲೆ, ಅಪ್ಪಾಸಾಹೇಬರು ಮಾಡಿಸಿ ಸಂರಕ್ಷಿಸಿದ್ದು ಎಂದು ಕೆತ್ತಿದ್ದರು. ಕಾಕಾನ ಹೆಸರಿನ ಜಾಗದಲ್ಲಿ 'ಊರಿನ ಒಬ್ಬ ವೀರ ಸೈನಿಕ' ಎಂದಿತ್ತು. ಕಾಚಿನ ಹಿಂದೆ ಬಾವುಟವೂ ಇತ್ತು. ಹೊಳೆಯುವ, ತೆಳುವಾದ, ಪೇಟೆಯ ಹೊಸ ಬಾವುಟ.

ಅಪ್ಪಾಸಾಹೇಬರ ಮೊಮ್ಮಗ ಮನೆಯಲ್ಲಿದ್ದ. ವಿನಯವಂತ. ನಾನು ಯಾರೆಂದು ಹೇಳಲಿಲ್ಲ, ಟೀಚರ್ ಎಂದಷ್ಟೇ ಅವನಿಗೆ ಗೊತ್ತು. ಬರ್ರಿ, ಕುಂದರ್ರಿ ಎಂದು ಕುರ್ಚಿ ಹಾಕಿದ, ಚಹಾ ತರಿಸಿದ. ನಾನು ಕುಡಿಯಲಿಲ್ಲ. ಹಳೆಯ ಬಾವುಟ ಎಲ್ಲಿ ಎಂದು ಕೇಳಿದೆ.

"ಅದರಿ? ನಮ್ಮ ಅಜ್ಜಾರು ಹೋದಾಗ ಅವರ ಮ್ಯಾಲ ಹೊಚ್ಚಿದ್ರಂತರಿ ಟೀಚರ. ಹಂಗ ಮೆರವಣಿಗಿ ಮಾಡ್ಯಾರ. ನೋಡಿದ ಮಂದಿ ಎಲ್ಲಾ ಕಣ್ಣಾಗ ನೀರ ತಂದ್ರಂತ." ಹೆಮ್ಮೆಯಿಂದಲೇ ಹೇಳಿದ.

ಆಮೇಲೆ ಏನಾಯಿತು ಎಂದು ಕೇಳುವಷ್ಟರಲ್ಲಿ ಅವನ ಮೊಬೈಲು ಸದ್ದು ಮಾಡಿತು. ಕೈ ಮುಗಿದು ಹೊರಗೆ ಹೋದ, ಮರಳಲಿಲ್ಲ. ಆದ್ದರಿಂದ ಉಳಿದ ಮಾತನ್ನು ಇಲ್ಲಿ, ನಾಲ್ಕು ಜನ ಓದುವಲ್ಲಿ ಕೇಳುತ್ತಿದ್ದೇನೆ. ಪೆಟ್ಟಿಗೆಯನ್ನು ನೀವೇ ಇಟ್ಟುಕೊಳ್ಳಿ. ಕಲ್ಲಿನ ಮೇಲಿನ ಹೆಸರೂ ನಿಮ್ಮದೇ ಇರಲಿ. ವಾಡೆಯ ಮಕ್ಕಳೇ, ಮೊಮ್ಮಕ್ಕಳೇ, ಎಂದೂ ದಂಡಿನ ಅಂಗಿ ತೊಡದ ಆ ಮನುಷ್ಯನನ್ನು ಕುಣಿಗೆ ಇಳಿಸಿದಿರಲ್ಲ, ಮಣ್ಣು ಎಳೆಯುವ ಮೊದಲು ನನ್ನ ಕಾಕಾನ ಬಾವುಟವನ್ನು ಅವರ ಮೈಮೇಲಿಂದ ತೆಗೆದಿರೋ, ಇಲ್ಲವೋ? ತೆಗೆದಿದ್ದರೆ, ಯಾರ ಕೈಗೆ ಕೊಟ್ಟಿರಿ?